ಪಕ್ಕದ ಮನೆ, ಅಜ್ಜಿಯ ಊರು

ತುಳುನಾಡಿನ ಮಳೆಗಾಲದ ಆಟಿ ತಿಂಗಳು ಬಂತೆಂದರೆ ಪತ್ರೊಡೆ ತಿನ್ನದೆ ಮನಸ್ಸಿಗೆ ಸಮಾಧಾನವಿಲ್ಲ. ನಾನಿರುವ ನ್ಯೂಜಿಲೆಂಡಿನಲ್ಲಿ ಅದು ಕೊರೆಯುವ ಚಳಿಗಾಲ. ಆದರೂ ಕಳೆದ ಆಟಿಯ ಒಂದು ಶನಿವಾರ, ಬೆಳಕು ಹರಿಯುವ ಹೊತ್ತಿಗೆ, ದಕ್ಷಿಣ ಆಕ್ಲೆಂಡಿನ ಓಟಾರಾ ಸಂತೆಗೆ ಕೆಸುವಿನ ಎಲೆ ಹುಡುಕಿಕೊಂಡು ಹೋಗಿದ್ದೆ. ಸಮೋವಾ, ಟಾಂಗಾ, ಫಿಜಿಗಳ ಜನರಿಗೆ ಕೆಸು ನಮ್ಮ ಅನ್ನವಿದ್ದ ಹಾಗೆ. ಅವರು ಅದರ ಗೆಡ್ಡೆಯನ್ನು ಬೇಯಿಸಿ ತಿನ್ನುತ್ತಾರೆ, ಎಲೆಯನ್ನು ತೆಂಗಿನಹಾಲಿನಲ್ಲಿ ಬೇಯಿಸಿ ಪಲುಸಾಮಿ ಮಾಡುತ್ತಾರೆ. ಮಂಗಳೂರಿನಲ್ಲಿ ತೋಟದ ಬದಿಯಿಂದ ಪುಕ್ಕಟೆಯಾಗಿ ಕೊಯ್ದು ತರುತ್ತಿದ್ದ ಎಲೆಯನ್ನು ನಾನಿಲ್ಲಿ ಡಾಲರು ಕೊಟ್ಟು, ಸಂತೋಷದಿಂದಲೇ ಕೊಂಡೆ. ಕಟ್ಟು ಕೊಟ್ಟ ಹೆಂಗಸು ಫಿಜಿಯವರು, ವಯಸ್ಸು ಅರವತ್ತು ದಾಟಿರಬಹುದು. ತಮ್ಮ ಅಜ್ಜಿ ಮದರಾಸಿನಲ್ಲಿ ಹಡಗು ಹತ್ತಿದವರೆಂದು ಫಿಜಿಯ ಹಿಂದಿಯಲ್ಲಿ ಹೇಳಿದರು. ಹಾಗಿದ್ದರೆ ನಾವು ನೀವು ಒಂದೇ ಕಡೆಯವರಾದೆವಲ್ಲ ಎಂದು ನಾನು ಉತ್ಸಾಹದಿಂದ ಅಂದಾಗ ಅವರು ನಿಧಾನವಾಗಿ ತಲೆಯಾಡಿಸಿದರು. “ಭಾರತ ನಮ್ಮ ಅಜ್ಜಿಯ ಊರು ಭೈಯಾ, ನ್ಯೂಜಿಲೆಂಡ್ ಪಕ್ಕದ ಮನೆ. ಕಷ್ಟಕ್ಕಾಗುವುದು ಪಕ್ಕದ ಮನೆಯವರೇ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕಾಗಿಯೇ ಅದು ಹೆಚ್ಚು ನಾಟಿತು. ಮನೆಯಲ್ಲಿ ಎಲೆಯ ನಾರು ತೆಗೆಯುತ್ತ ಕುಳಿತಾಗಲೂ ಅದೇ ಯೋಚನೆ. ಹತ್ತು ವರ್ಷಗಳಿಂದ ಈ ದೇಶದಲ್ಲಿದ್ದು ನಾನು ಕಂಡದ್ದನ್ನು ಆ ಹೆಂಗಸು ಒಂದೇ ವಾಕ್ಯದಲ್ಲಿ ಹೇಳಿದ್ದರು. ಶಾಂತ ಸಾಗರದ ದ್ವೀಪಗಳೊಂದಿಗೆ ನಂಟು ಇಟ್ಟುಕೊಳ್ಳುವುದು ಹೇಗೆಂಬುದನ್ನು ನ್ಯೂಜಿಲೆಂಡ್ ಸರ್ಕಾರ ದಿನದ ಕೆಲಸವಾಗಿ ಮಾಡಿಕೊಂಡಿದೆ. ನಮ್ಮ ಸರ್ಕಾರಕ್ಕೆ ಅದು ಇನ್ನೂ ಸಮಾರಂಭದ ಸಂಗತಿಯಾಗಿಯೇ ಉಳಿದಿದೆ.

ನಮ್ಮ ಕಡೆಯದನ್ನೇ ಮೊದಲು ಹೇಳುತ್ತೇನೆ. ಗಿರ್ಮಿಟ್, ಅಂದರೆ ಕರಾರಿನ ಮೇಲೆ ಹೋದ ಕೂಲಿಗಳನ್ನು ಹೊತ್ತ ಮೊದಲ ಹಡಗು ಲಿಯೊನಿಡಾಸ್ ಫಿಜಿ ತಲುಪಿದ್ದು 1879ರ ಮೇ 14ರಂದು. 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರು ಹಾಗೆ ಹೋದರು, ಅವರಲ್ಲಿ ಸುಮಾರು ಹದಿನೈದು ಸಾವಿರ ಮಂದಿ ಹೊರಟದ್ದು ಮದರಾಸಿನಿಂದ. ಇಷ್ಟು ಹಳೆಯ ರಕ್ತಸಂಬಂಧವಿರುವ ದೇಶಕ್ಕೆ 1981ರಲ್ಲಿ ಇಂದಿರಾ ಗಾಂಧಿಯವರು ಹೋಗಿಬಂದ ಮೇಲೆ ಮತ್ತೊಬ್ಬ ಭಾರತದ ಪ್ರಧಾನಿ ಕಾಲಿಡಲು 33 ವರ್ಷ ಬೇಕಾಯಿತು. 2014ರ ನವೆಂಬರ್‌ನಲ್ಲಿ ಫಿಜಿಯ ರಾಜಧಾನಿ ಸುವಾದಲ್ಲಿ ನರೇಂದ್ರ ಮೋದಿಯವರು ಹದಿನಾಲ್ಕು ದ್ವೀಪರಾಷ್ಟ್ರಗಳೊಂದಿಗೆ ಒಂದು ವೇದಿಕೆಯನ್ನು ಆರಂಭಿಸಿದಾಗ, ಮರುವರ್ಷವೇ ಜೈಪುರದಲ್ಲಿ ಎರಡನೆಯ ಶೃಂಗಸಭೆ ನಡೆದಾಗ, ಕೊನೆಗೂ ನಮ್ಮವರು ಈ ಕಡೆ ತಿರುಗಿದರೆಂದು ನನಗೆ ನಿಜವಾಗಿಯೂ ಹೆಮ್ಮೆಯಾಗಿತ್ತು. ಮೂರನೆಯದು ನಡೆದದ್ದು 2023ರ ಮೇ ತಿಂಗಳಲ್ಲಿ, ಪಪುವಾ ನ್ಯೂಗಿನಿಯ ರಾಜಧಾನಿ ಪೋರ್ಟ್ ಮೋರ್ಸ್ಬಿಯಲ್ಲಿ. ನಡುವಿನ ಎಂಟು ವರ್ಷಗಳಲ್ಲಿ ಕೋವಿಡ್ ನುಂಗಿದ ವರ್ಷಗಳನ್ನು ಕಳೆದರೂ ಅಂತರ ಸಣ್ಣದೇನಲ್ಲ.

ಇಲ್ಲಿಯ ರೀತಿ ಬೇರೆ. ಇಲ್ಲಿಯ ವಿದೇಶಾಂಗ ಸಚಿವರು ಹೆಚ್ಚುಕಡಿಮೆ ಪ್ರತಿವರ್ಷ ದ್ವೀಪಗಳಿಗೆ ಒಂದು ನಿಯೋಗವನ್ನು ಕರೆದೊಯ್ಯುತ್ತಾರೆ, ಅದರಲ್ಲಿ ವಿರೋಧ ಪಕ್ಷದ ಸಂಸದರೂ ಇರುತ್ತಾರೆ. ಮುಂದೆ ಸರ್ಕಾರ ಬದಲಾದರೂ ಆ ದ್ವೀಪದ ಮಂತ್ರಿಗೆ ಹೊಸ ಮುಖ ಪೂರ್ತಿ ಹೊಸದಾಗಿರುವುದಿಲ್ಲ. ದೆಹಲಿಯಿಂದ ಹೊರಡುವ ವಿಮಾನದಲ್ಲಿ ಆಳುವ ಪಕ್ಷದವರೂ ವಿರೋಧ ಪಕ್ಷದವರೂ ಹೀಗೆ ಪ್ರತಿವರ್ಷ ಅಕ್ಕಪಕ್ಕ ಕುಳಿತು ಹೋಗಿಬರುವ ಪದ್ಧತಿ ನಮ್ಮಲ್ಲಿ ಏಕಿಲ್ಲ ಎಂದು ಪ್ರತಿ ಸಲವೂ ಕೇಳಿಕೊಳ್ಳುತ್ತೇನೆ. ಏಪಿಯಾ, ನುಕುಅಲೋಫಾ, ಹೊನಿಯಾರಾ, ಪೋರ್ಟ್ ವಿಲಾ, ತಾರಾವಾ, ರಾರೊಟೊಂಗಾ ಮುಂತಾದ ಕಡೆಗಳಲ್ಲೆಲ್ಲ ಐವತ್ತು ಲಕ್ಷ ಜನರ ಈ ಪುಟ್ಟ ದೇಶದ ರಾಯಭಾರ ಕಚೇರಿಗಳಿವೆ. ನೂರನಲವತ್ತು ಕೋಟಿ ಜನರ ನಮ್ಮ ದೇಶದ ಕಚೇರಿ ಈ ಹದಿನಾಲ್ಕು ದ್ವೀಪರಾಷ್ಟ್ರಗಳ ಪೈಕಿ ಇರುವುದು ಸುವಾ ಮತ್ತು ಪೋರ್ಟ್ ಮೋರ್ಸ್ಬಿಯಲ್ಲಿ ಮಾತ್ರ. ಸಮೋವಾದ ವ್ಯವಹಾರವನ್ನು ವೆಲಿಂಗ್ಟನ್ನಿನಿಂದ, ಪಲಾವುವಿನದನ್ನು ಮನಿಲಾದಿಂದ ನೋಡಿಕೊಳ್ಳಲಾಗುತ್ತದೆ.

ವ್ಯಾಪಾರದ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನಾನು ಕೊಂಡ ಆ ಎಲೆಯ ಕಟ್ಟಿನ ಹಿಂದೆಯೂ ಒಂದು ನೀತಿಯಿದೆ. 1981ರಿಂದಲೇ ದ್ವೀಪಗಳ ಸರಕು ಸುಂಕವಿಲ್ಲದೆ ಒಳಬರಲು ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಒಪ್ಪಿದ್ದವು, ಅದಕ್ಕೆ ಪ್ರತಿಯಾಗಿ ದ್ವೀಪಗಳಿಂದ ಅಂಥದ್ದೇ ರಿಯಾಯಿತಿಯನ್ನು ಕೇಳಿರಲಿಲ್ಲ. ಗೆಡ್ಡೆಗೆ ಮಣ್ಣು ಅಂಟಿರಬಾರದು, ಹುಳು ಇರಬಾರದು ಎಂಬಂಥ ಕಟ್ಟುನಿಟ್ಟಿನ ತಪಾಸಣೆಯನ್ನು ದಾಟಿದರೆ ಫಿಜಿಯ ರೈತನ ಬೆಳೆ ಓಟಾರಾ ಸಂತೆಗೆ ಬರುತ್ತದೆ. 2007ರಲ್ಲಿ ಆರಂಭವಾದ ಋತುಮಾನದ ಕೆಲಸಗಾರರ ಯೋಜನೆ ನನಗೆ ಇದಕ್ಕಿಂತಲೂ ಹೆಚ್ಚು ಮೆಚ್ಚಿಗೆಯಾದದ್ದು. ಕಿವಿ ಹಣ್ಣು, ಸೇಬು, ದ್ರಾಕ್ಷಿ ತೋಟಗಳ ಕೆಲಸಕ್ಕೆ ವನುವಾಟು, ಸಮೋವಾ, ಟಾಂಗಾಗಳಿಂದ ಜನ ಬಂದು, ಸಾಮಾನ್ಯವಾಗಿ ಏಳು ತಿಂಗಳು ದುಡಿದು, ಊರಿಗೆ ಮರಳಿ, ಮರುವರ್ಷ ಅದೇ ತೋಟಕ್ಕೆ ಬರುತ್ತಾರೆ. ಐದು ಸಾವಿರದ ಮಿತಿಯಿಂದ ಆರಂಭವಾದದ್ದು ಈಗ ಇಪ್ಪತ್ತು ಸಾವಿರ ದಾಟಿದೆ. ಟೆಪುಕೆಯ ಹಣ್ಣಿನ ಪ್ಯಾಕ್‌ಹೌಸಿನಲ್ಲಿ ನಾನೊಂದು ಋತು ಲೆಕ್ಕಪತ್ರ ಬರೆಯುತ್ತಿದ್ದಾಗ, ವನುವಾಟುವಿನ ಯುವಕನೊಬ್ಬ ಮೊಬೈಲಿನಲ್ಲಿ ತನ್ನ ಮನೆಯ ಚಿತ್ರ ತೋರಿಸಿ, ಈ ಗೋಡೆ ಹೋದ ವರ್ಷದ್ದು, ಈ ಮಾಡು ಈ ವರ್ಷದ್ದು ಎಂದು ವಿವರಿಸಿದ್ದ. ಆ ಮಾಡಿನ ಕೆಳಗೆ ಮಲಗುವ ಮಗುವಿಗೆ ನ್ಯೂಜಿಲೆಂಡ್ ಎಂಬ ಹೆಸರು ಮುಂದೆಯೂ ಮರೆಯಲಾರದು.

ನನ್ನ ಮಗಳ ಶಾಲೆಯಲ್ಲಿ ಪ್ರತಿವರ್ಷ ಸಮೋವಾ ಭಾಷಾ ಸಪ್ತಾಹ ನಡೆಯುತ್ತದೆ. ಇಂಗ್ಲಿಷ್ ಮತ್ತು ಮಾವೊರಿಯ ನಂತರ ಇಲ್ಲಿ ಹೆಚ್ಚು ಜನ ಆಡುವ ಭಾಷೆ ಸಮೋವಾದ್ದು. ಅವಳು ಮನೆಗೆ ಬಂದು “ತಾಲೋಫಾ ಅಪ್ಪಾ” ಎಂದಾಗ ನನಗೆ ನೆನಪಾದದ್ದು ಮಂಗಳೂರಿನ ಹಳೆ ಬಂದರು. ನಮ್ಮ ಮನೆಯಿಂದ ಧಕ್ಕೆಗೆ ಕಾಲುಗಂಟೆಯ ದಾರಿ. ಅಕ್ಕಿ, ಈರುಳ್ಳಿ, ತರಕಾರಿ, ಜಲ್ಲಿ ತುಂಬಿಕೊಂಡು ಲಕ್ಷದ್ವೀಪಕ್ಕೆ ಹೊರಡುವ ಸರಕಿನ ದೋಣಿಗಳಾದ ಮಂಜಿಗಳನ್ನು ನೋಡುತ್ತಲೇ ಬೆಳೆದವನು ನಾನು. ಬೇರೆ ದೇಶದವರಲ್ಲ, ನಮ್ಮದೇ ದೇಶದ ದ್ವೀಪದವರು. ವರ್ಷದಲ್ಲಿ ಎಷ್ಟೋ ಸಲ ನಮ್ಮ ಪೇಟೆಗೆ ಬಂದು ಹೋಗುತ್ತಿದ್ದರು. ಅವರ ಮಾತಿನ ಒಂದು ಶಬ್ದವನ್ನೂ ನಮ್ಮ ಶಾಲೆ ನಮಗೆ ಕಲಿಸಲಿಲ್ಲ. ಅಲ್ಲಿ ಎಷ್ಟು ದ್ವೀಪಗಳಲ್ಲಿ ಜನರಿದ್ದಾರೆ ಎಂದು ಯಾವ ಮೇಷ್ಟ್ರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ. ಕಡಲ ಕಡೆ ಮುಖ ಮಾಡಿ ಬದುಕುವ ಊರಿನಲ್ಲೇ ಹೀಗಾದರೆ, ಕಡಲಿನಿಂದ ನೂರಾರು ಮೈಲಿಯಾಚೆ ಕುಳಿತ ದೆಹಲಿಯ ಅಧಿಕಾರಿಗೆ ತುವಾಲುವಿನ ಬಗ್ಗೆ ಕುತೂಹಲ ಹುಟ್ಟಲಿ ಎಂದು ಹೇಗೆ ಹೇಳುವುದು?

ಇಷ್ಟನ್ನೂ ಬರೆದ ಮೇಲೆ, ಮನಸ್ಸಿಲ್ಲದಿದ್ದರೂ, ಇನ್ನೊಂದು ಪಕ್ಕವನ್ನು ಹೇಳದೆ ಇರಲಾಗದು. ಪಕ್ಕದ ಮನೆಯವರು ಮೊದಲಿನಿಂದಲೂ ಒಳ್ಳೆಯವರಾಗಿರಲಿಲ್ಲ. 1918ರ ನವೆಂಬರ್‌ನಲ್ಲಿ ಆಕ್ಲೆಂಡಿನಿಂದ ಹೋದ ತಲುನೆ ಎಂಬ ಹಡಗನ್ನು ನ್ಯೂಜಿಲೆಂಡಿನ ಆಡಳಿತ ದಿಗ್ಬಂಧನವಿಲ್ಲದೆ ಸಮೋವಾದ ರಾಜಧಾನಿ ಏಪಿಯಾದಲ್ಲಿ ಇಳಿಯಲು ಬಿಟ್ಟಿತು. ಅದು ತಂದ ಜ್ವರಕ್ಕೆ ಸಮೋವಾದ ಐದರಲ್ಲೊಂದು ಪಾಲು ಜನ ಸತ್ತರು. 1970ರ ದಶಕದಲ್ಲಿ ಇದೇ ಆಕ್ಲೆಂಡಿನ ಪೊಲೀಸರು ನಸುಕಿನಲ್ಲಿ ದ್ವೀಪದವರ ಮನೆಗಳಿಗೆ ನುಗ್ಗಿ ವೀಸಾ ಕೇಳುತ್ತಿದ್ದರು. ಮೊದಲನೆಯದಕ್ಕೆ ಆಗಿನ ಪ್ರಧಾನಿ ಹೆಲೆನ್ ಕ್ಲಾರ್ಕ್ 2002ರಲ್ಲಿ, ಎರಡನೆಯದಕ್ಕೆ ಆಗಿನ ಪ್ರಧಾನಿ ಜೆಸಿಂಡಾ ಆರ್ಡರ್ನ್ 2021ರಲ್ಲಿ ಕ್ಷಮೆ ಕೇಳಿದರು. ಈಗಲೂ ಹಿರಿಯಣ್ಣನ ದರ್ಪ ಪೂರ್ತಿ ಹೋಗಿಲ್ಲ: 2025ರಲ್ಲಿ ಕುಕ್ ದ್ವೀಪಗಳು ತಮ್ಮನ್ನು ಕೇಳದೆ ಚೀನಾದೊಂದಿಗೆ ಒಪ್ಪಂದ ಮಾಡಿಕೊಂಡವೆಂದು ಇವರು ನೆರವಿನ ಹಣವನ್ನು ತಡೆಹಿಡಿದರು.

ಇನ್ನು ನಮ್ಮ ದೇಶವನ್ನು ಅಳೆಯಲು ಶಾಂತ ಸಾಗರ ಸರಿಯಾದ ಅಳತೆಗೋಲಲ್ಲ ಎಂಬುದನ್ನೂ ನಾನು ಬಲ್ಲೆ. ನಮ್ಮ ಅಂಗಳ ಹಿಂದೂ ಮಹಾಸಾಗರ. 2014ರ ಡಿಸೆಂಬರ್‌ನಲ್ಲಿ ಮಾಲ್ಡೀವ್ಸ್ ರಾಜಧಾನಿ ಮಾಲೆಯ ನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ಬಿದ್ದು ಇಡೀ ನಗರ ಕುಡಿಯುವ ನೀರಿಲ್ಲದೆ ಕುಳಿತಾಗ, ಮರುದಿನವೇ ಭಾರತದ ವಿಮಾನಗಳು ನೀರು ಹೊತ್ತು ಇಳಿದಿದ್ದವು, ಹಿಂದೆಯೇ ಐಎನ್‌ಎಸ್ ಸುಕನ್ಯಾ ಹೋಯಿತು. ಅದು ಪಕ್ಕದ ಮನೆಯವರೇ ಮಾಡುವ ಕೆಲಸ. ಹನ್ನೊಂದು ಸಾವಿರ ಕಿಲೋಮೀಟರ್ ದೂರದ ಫಿಜಿಗೂ 2016ರ ವಿನ್‌ಸ್ಟನ್ ಚಂಡಮಾರುತದ ನಂತರ ಭಾರತದಿಂದ ಪರಿಹಾರ ಸಾಮಗ್ರಿ ಬಂದಿತ್ತು. ಪೋರ್ಟ್ ಮೋರ್ಸ್ಬಿಯ ಸಭೆಯಲ್ಲಿ ಫಿಜಿಗೆಂದು ಘೋಷಿಸಿದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಒಪ್ಪಂದಕ್ಕೆ, 2025ರ ಆಗಸ್ಟ್‌ನಲ್ಲಿ ಫಿಜಿಯ ಪ್ರಧಾನಿ ಸಿತಿವೇನಿ ರಬುಕಾ ದೆಹಲಿಗೆ ಬಂದಾಗ, ಸಹಿಯೂ ಬಿತ್ತು.

ಮುಂದಿನ ಶನಿವಾರ ಆ ಹೆಂಗಸಿಗೆ ನಾಲ್ಕು ತುಂಡು ಪತ್ರೊಡೆ ಕಟ್ಟಿಕೊಂಡು ಹೋದೆ. ಒಂದನ್ನು ಅಲ್ಲೇ ಬಾಯಿಗೆ ಹಾಕಿಕೊಂಡು, ಅಜ್ಜಿ ಹುಣಸೆಹುಳಿ ಹಾಕಿ ಇಂಥದ್ದೇನೋ ಮಾಡುತ್ತಿದ್ದರೆಂದರು. ಆಸ್ಪತ್ರೆಯ ವಿಷಯ ನಾನು ತೆಗೆಯುವ ಮೊದಲೇ ಅವರೇ ತೆಗೆದರು. ಫಿಜಿಯ ಲೌಟೋಕಾದಲ್ಲಿರುವ ಅವರ ತಮ್ಮನಿಗೆ ಹೃದಯದ ತೊಂದರೆ; ತಪಾಸಣೆಗೆಂದು ಒಂದು ಸಲ ಆಕ್ಲೆಂಡಿಗೆ ಕರೆತರಲು ವರ್ಷದ ಉಳಿತಾಯ ಹೋಯಿತಂತೆ. “ಸುವಾದಲ್ಲಿ ನಿಮ್ಮವರು ಕಟ್ಟುವ ಆಸ್ಪತ್ರೆ ಯಾವಾಗ ಬಾಗಿಲು ತೆರೆಯುತ್ತದೆ ಭೈಯಾ?” ಎಂದು ಕೇಳಿ, ನನ್ನ ಉತ್ತರಕ್ಕಾಗಿ ಎಲೆಯ ಕಟ್ಟನ್ನು ಕೈಯಲ್ಲೇ ಹಿಡಿದುಕೊಂಡು ನಿಂತರು.