ಆಟೊ ಕಾಣದ ಕ್ಯಾಮೆರಾ, ಊದುಬತ್ತಿಗೆ ಕೂಗೋ ಎಕ್ಯೂಐ

ನಿನ್ನೆ ಒಂದು ಇಂಜಿನಿಯರಿಂಗ್ ಕಾಲೇಜಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್ ಪ್ರದರ್ಶನ. ಹೆಸರು ಬೇಡ, ಯಾವ ಕಾಲೇಜಿಗೆ ಹೋದ್ರೂ ಇದೇ ಕತೆ. ‘ಸ್ಮಾರ್ಟ್ ಸಿಟಿ’ ಸಾಲಲ್ಲಿ ಏಳು ಟೇಬಲ್. ಏಳರಲ್ಲೂ ಥರ್ಮಾಕೋಲ್ ರಸ್ತೆ, ಹಸಿರು ಪುಡಿ ಉದುರಿಸಿದ ಪಾರ್ಕು, ಐಸ್‌ಕ್ರೀಮ್ ಕಡ್ಡಿಯ ಬೀದಿದೀಪ. ಮೂರರಲ್ಲಿ ಸ್ಮಾರ್ಟ್ ಡಸ್ಟ್‌ಬಿನ್. ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಇದನ್ನ ಮೊದಲೇ ಹೇಳಿಬಿಡ್ತೀನಿ. ಸಿಟ್ಟಿರೋದು ಆ ಟೈಟಲ್‌ಗಳಿಗೆ ಒಪ್ಪಿಗೆ ಕೊಟ್ಟು, ಮೂರು ಮೂರು ರಿವ್ಯೂ ಮಾಡಿ, ಒಂದು ಸಲವೂ ‘ಏನಪ್ಪಾ ಅಳೀತಿದೀಯ ಇಲ್ಲಿ?’ ಅಂತ ಕೇಳದ ಮೇಷ್ಟ್ರುಗಳ ಮೇಲೆ. ಅಂದ್ರೆ ನಮ್ಮ ಮೇಲೇ.

ಒಂದು ಟೇಬಲ್ ನೋಡಿ. ಆರ್ಡ್ವಿನೋ ಯೂನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, ಎಂಕ್ಯೂ-135 ಅನ್ನೋ ಅನಿಲದ ಸೆನ್ಸರ್, ಎರಡು ಸಾಲಿನ ಎಲ್‌ಸಿಡಿ. ಪರದೆ ಮೇಲೆ ‘ಎಕ್ಯೂಐ: 187’, ಅಂದ್ರೆ ಗಾಳಿಯ ಗುಣಮಟ್ಟದ ಸೂಚ್ಯಂಕ. ಹುಡುಗಿ ಊದುಬತ್ತಿ ಹಚ್ಚಿ ಹತ್ತಿರ ಹಿಡಿದ್ಲು, ಅಂಕಿ 600 ದಾಟ್ತು, ಬಜರ್ ಕೂಗ್ತು, ಹೊರಗಿಂದ ಬಂದ ಪರೀಕ್ಷಕರು (ಎಕ್ಸ್‌ಟರ್ನಲ್) ತಲೆಯಾಡಿಸಿದ್ರು. ಆ ಅಂಕಿ ಎಲ್ಲಿಂದ ಬಂತು ಗೊತ್ತಾ? ಅನಲಾಗ್ ಪಿನ್ನಿನ ವೋಲ್ಟೇಜನ್ನ ಆರ್ಡ್ವಿನೋ 0ಯಿಂದ 1023ರವರೆಗಿನ ಸಂಖ್ಯೆ ಮಾಡಿ ಕೊಡುತ್ತೆ. ಅದರ ಹಿಂದೆ ‘ಎಕ್ಯೂಐ’ ಅಂತ ಮೂರಕ್ಷರ ಪ್ರಿಂಟ್ ಮಾಡಿದಾರೆ, ಅಷ್ಟೆ. ಎಂಕ್ಯೂ-135 ಒಳಗಿರೋದು ಬಿಸಿ ಮಾಡಿದ ಟಿನ್ ಡೈಆಕ್ಸೈಡ್. ಅಮೋನಿಯಾ, ಬೆಂಜೀನ್, ಆಲ್ಕೋಹಾಲ್, ಹೊಗೆ ಯಾವುದು ತಾಗಿದರೂ ಅದರ ರೋಧ ಇಳಿಯುತ್ತೆ, ತಾಗಿದ್ದು ಯಾವುದು ಅಂತ ಅದಕ್ಕೇ ಗೊತ್ತಿಲ್ಲ. ಮೊದಲ ಸಲ 24 ಗಂಟೆಗೂ ಹೆಚ್ಚು ಹೊತ್ತು ಕಾಯಿಸಬೇಕು ಅಂತ ಡೇಟಾಶೀಟಲ್ಲೇ ಇದೆ, ಇಲ್ಲಿ ಐದು ನಿಮಿಷದ ಹಿಂದೆ ಯುಎಸ್‌ಬಿ ಚುಚ್ಚಿದಾರೆ. ಇನ್ನು ಪಿಎಂ 2.5 ಅನ್ನೋ ಅತಿ ಸಣ್ಣ ಕಣಗಳು, ಅಂದ್ರೆ ನಮ್ಮೂರ ಗಾಳಿಯ ಮುಖ್ಯ ತಕರಾರು, ಈ ಸೆನ್ಸರಿಗೆ ಅಳೆಯೋಕೇ ಬರಲ್ಲ.

ನಮ್ಮ ದೇಶದ ಎಕ್ಯೂಐ ಶುರುವಾಗಿದ್ದು 2015ರಲ್ಲಿ. ಲೆಕ್ಕಕ್ಕೆ ಎಂಟು ಮಾಲಿನ್ಯಕಾರಕಗಳಿವೆ. ಕನಿಷ್ಠ ಮೂರರ ಅಳತೆ ಬೇಕು, ಅದರಲ್ಲೊಂದು ಪಿಎಂ 2.5 ಅಥವಾ ಪಿಎಂ 10 ಆಗಿರಲೇಬೇಕು. ಅದೂ 24 ಗಂಟೆಯ ಸರಾಸರಿ, ಕನಿಷ್ಠ 16 ಗಂಟೆಯ ಡೇಟಾ. ಕಾರ್ಬನ್ ಮಾನಾಕ್ಸೈಡ್, ಓಝೋನಿಗೆ ಮಾತ್ರ 8 ಗಂಟೆ. ಒಂದೊಂದಕ್ಕೂ ಉಪಸೂಚ್ಯಂಕ ತೆಗೆದು, ಎಲ್ಲಕ್ಕಿಂತ ದೊಡ್ಡದು ಯಾವುದೋ ಅದೇ ಎಕ್ಯೂಐ. ಊದುಬತ್ತಿಗೆ ಎರಡು ಸೆಕೆಂಡಲ್ಲಿ ಎಗರೋ ಅಂಕಿಗೂ ಇದಕ್ಕೂ ಎತ್ತಣಿಂದೆತ್ತ ಸಂಬಂಧ!

ಅಗ್ಗದಲ್ಲೇ ಮಾಡಬೇಕಂದ್ರೂ ದಾರಿ ಇದೆ. ಲೇಸರ್ ಬೆಳಕು ಚದುರೋದನ್ನ ನೋಡಿ ಧೂಳು ಅಳೆಯೋ ಎಸ್‌ಡಿಎಸ್-011 ಸೆನ್ಸರ್ ತಗೊಳ್ಳಿ. ಅದರ ಲೇಸರಿನ ಆಯಸ್ಸು 8000 ಗಂಟೆ, ವರ್ಷಕ್ಕಿರೋದು 8760. ಬಿಡದೆ ಓಡಿಸಿದ್ರೆ ವರ್ಷ ತುಂಬೋದ್ರೊಳಗೆ ಕೈಕೊಡುತ್ತೆ. ಅದಕ್ಕೇ ಐದು ನಿಮಿಷಕ್ಕೊಮ್ಮೆ ಎಬ್ಬಿಸಿ, ಅರ್ಧ ನಿಮಿಷ ಫ್ಯಾನ್ ತಿರುಗಲು ಬಿಟ್ಟು, ಓದಿ, ಮತ್ತೆ ಮಲಗಿಸಬೇಕು. ಮಳೆಗಾಲದ ಬೆಳಗ್ಗೆ ತೇವಾಂಶ ಏರಿದಾಗ ಧೂಳಿನ ಕಣ ನೀರು ಕುಡಿದು ಊದಿಕೊಳ್ಳುತ್ತೆ, ಲೇಸರಿಗೆ ದೊಡ್ಡದಾಗಿ ಕಾಣುತ್ತೆ, ರೀಡಿಂಗ್ ಸುಳ್ಳು ಹೇಳುತ್ತೆ. ಆದ್ದರಿಂದ ಪಕ್ಕದಲ್ಲೊಂದು ತೇವಾಂಶದ ಸೆನ್ಸರ್ ಇರಲೇಬೇಕು. ಎಲ್ಲಕ್ಕಿಂತ ಮೊದಲು ಪೆಟ್ಟಿಗೆಯನ್ನ ಎರಡು ವಾರ ಸರ್ಕಾರಿ ಮಾಪನ ಕೇಂದ್ರದ ಪಕ್ಕ ಇಟ್ಟು, ಅದರ ಅಂಕಿಗೂ ನಮ್ಮದಕ್ಕೂ ತಾಳೆ ನೋಡಬೇಕು. ಪ್ರಾಜೆಕ್ಟ್ ಅಂದ್ರೆ ಆ ಎರಡು ವಾರವೇ. ಉಳಿದದ್ದು ಬೆಸುಗೆ ಕೆಲಸ.

ಡಸ್ಟ್‌ಬಿನ್ ಬಗ್ಗೆ ಹೆಚ್ಚೇನೂ ಬರೆಯಲ್ಲ, ಬಿಪಿ ಏರುತ್ತೆ. ಶಬ್ದ ಕಳಿಸಿ ಡಬ್ಬ ಎಷ್ಟು ತುಂಬಿದೆ ಅಂತ ಅಳೆಯೋ ಎಚ್‌ಸಿ-ಎಸ್‌ಆರ್-04 ಸೆನ್ಸರಿನ ಎರಡು ‘ಕಣ್ಣು’ ಬರೀ ಜಾಲರಿ, ನೀರು ತಡೆಯಲ್ಲ. ಹಸಿ ಕಸದ ಆವಿಗೆ ಒಂದು ವಾರ ಬಾಳಿದ್ರೆ ಪುಣ್ಯ. ಓರೆಯಾಗಿ ಬಿದ್ದ ಪ್ಲಾಸ್ಟಿಕ್ ಕವರಿಗೆ ಬಡಿದ ಶಬ್ದ ವಾಪಸ್ ಬರದೆ ಪಕ್ಕಕ್ಕೆ ಹೋಗುತ್ತೆ, ತುಂಬಿದ ಡಬ್ಬ ಖಾಲಿ ಅಂತ ತೋರಿಸುತ್ತೆ. ಅದೆಲ್ಲ ಇರಲಿ. ಬೆಂಗಳೂರಲ್ಲಿ ಕಸ ಮನೆ ಬಾಗಿಲಿಗೆ ಬರೋ ಆಟೊಗೆ ಹೋಗುತ್ತೆ: ಹಸಿ ಕಸಕ್ಕೆ ಹಸಿರು ಡಬ್ಬ, ಸ್ಯಾನಿಟರಿ ಕಸಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಬೀದಿ ಬದಿ ತೊಟ್ಟಿ ತೆಗೆದುಹಾಕೋದೇ ಪಾಲಿಕೆಯ ನೀತಿ. ಇಲ್ಲದ ಡಬ್ಬಕ್ಕೆ ಸೆನ್ಸರ್!

ಈಗ ನಿಜವಾಗಿ ಹೊಟ್ಟೆ ಉರಿಸಿದ ಟೇಬಲ್ಲಿಗೆ ಬರೋಣ. ‘ಎಐ ಆಧಾರಿತ ಸ್ಮಾರ್ಟ್ ಟ್ರಾಫಿಕ್ ಸಿಗ್ನಲ್’. ಕ್ಯಾಮೆರಾ ವಾಹನ ಎಣಿಸುತ್ತೆ, ಚಿತ್ರದಲ್ಲಿರೋದು ಏನು ಅಂತ ಹೇಳೋ ಯೋಲೋ ಮಾಡೆಲ್ ಗುರುತಿಸುತ್ತೆ, ಜಾಸ್ತಿ ಇರೋ ಕಡೆಗೆ ಜಾಸ್ತಿ ಹಸಿರು. ಕೇಳೋಕೆ ಚೆಂದ. ಡೆಮೊಗೆ ಹಾಕಿದ್ದು ಮಾತ್ರ ಯಾವುದೋ ವಿದೇಶಿ ಹೈವೇಯ ವಿಡಿಯೋ, ಲೇನ್ ತಪ್ಪದೆ ಸಾಲಾಗಿ ಹೋಗೋ ಕಾರುಗಳು. ‘ನಮ್ಮೂರಿನ ವಿಡಿಯೋ ಹಾಕಿ’ ಅಂದೆ. ಫೋನಲ್ಲಿದ್ದ ಒಂದನ್ನ ಹಾಕಿದ್ರು. ಒಂದು ಆಟೊ ಬಂತು. ಮೊದಲು ‘ಕಾರ್’, ತಿರುಗಿದಾಗ ‘ಟ್ರಕ್’, ಬಸ್ಸಿನ ಹಿಂದೆ ಅರ್ಧ ಮರೆಯಾದಾಗ ‘ಮೋಟರ್‌ಸೈಕಲ್’. ಒಂದೇ ಆಟೊ, ನಾಲ್ಕು ಸೆಕೆಂಡಲ್ಲಿ ಮೂರು ಜನ್ಮ.

ಕಾರಣ ಸರಳ. ಇಂಟರ್ನೆಟ್ಟಿಂದ ಇಳಿಸಿಕೊಂಡ ಯೋಲೋ ಕಲಿತಿರೋದು 2014ರಲ್ಲಿ ಬಂದ ಕೋಕೋ ಅನ್ನೋ ಚಿತ್ರಗಳ ಡೇಟಾಸೆಟ್ಟಿಂದ. ಅದರಲ್ಲಿ 80 ವರ್ಗ. ಜೀಬ್ರಾ ಇದೆ, ಜಿರಾಫೆ ಇದೆ, ಆನೆ ಇದೆ, ಹಲ್ಲುಜ್ಜೋ ಬ್ರಷ್ಷೂ ಇದೆ. ಆಟೊ ಇಲ್ಲ. ಬೆಂಗಳೂರಿನ ಸರ್ಕಲ್ಲಲ್ಲಿ ಜಿರಾಫೆ ಬಂದ್ರೆ ತಪ್ಪದೆ ಗುರುತಿಸೋ ಸಿಗ್ನಲ್ ಅದು.

ಅದರಿಂದ ಏನು ಹಾಳಾಗುತ್ತೆ ಅಂತೀರಾ? ಲೆಕ್ಕ ಹಾಕಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 106, 1990ರ ಕೈಪಿಡಿ. ನಗರದ ರಸ್ತೆಯಲ್ಲಿ ಒಟ್ಟು ವಾಹನಗಳಲ್ಲಿ ಆಟೊಗಳ ಪಾಲು ಶೇಕಡಾ 10 ದಾಟಿದ್ರೆ ಒಂದು ಆಟೊ ಅಂದ್ರೆ 2 ಪಿಸಿಯು, ಅಂದ್ರೆ ರಸ್ತೆಯ ಲೆಕ್ಕದಲ್ಲಿ ಎರಡು ಕಾರಿಗೆ ಸಮ. ಕಾರು 1. ದ್ವಿಚಕ್ರ 0.75. ಗಂಟೆಗೆ 300 ಆಟೊ ಹೋದ್ರೆ 600 ಪಿಸಿಯು, ಅವನ್ನೆಲ್ಲ ಕಾರು ಅಂದುಕೊಂಡ್ರೆ 300, ಬೈಕ್ ಅಂದುಕೊಂಡ್ರೆ 225. ಇದನ್ನ ತಗೊಂಡು ಹೋಗಿ ಸಿಗ್ನಲ್ಲಿನ ಸಮಯ ಲೆಕ್ಕಹಾಕೋ 1958ರ ವೆಬ್‌ಸ್ಟರ್ ಸೂತ್ರಕ್ಕೆ ಹಾಕಿ: ಸೈಕಲ್ (ಎಲ್ಲ ದಾರಿಗೂ ಒಂದೊಂದು ಸಲ ಹಸಿರು ಬಂದು ಮುಗಿಯೋ ಸುತ್ತು) ಎಷ್ಟು ಸೆಕೆಂಡು ಅಂದ್ರೆ, ದೀಪ ಬದಲಾಗುವಾಗ ಹೋಗೋ ವ್ಯರ್ಥ ಸಮಯದ ಒಂದೂವರೆ ಪಟ್ಟಿಗೆ 5 ಕೂಡಿಸಿ, ಒಂದರಿಂದ ವೈ ಕಳೆದದ್ದರಿಂದ ಭಾಗಿಸಬೇಕು. ವೈ ಅಂದ್ರೆ ಪ್ರತಿ ಹಂತದ (ಒಂದು ಹಸಿರಿನ ಸರದಿಯ) ಹರಿವನ್ನ ಆ ರಸ್ತೆ ತಾಳೋ ಗರಿಷ್ಠ ಹರಿವಿನಿಂದ ಭಾಗಿಸಿ ಎಲ್ಲ ಕೂಡಿಸಿದ್ದು. ನಾಲ್ಕು ಹಂತ, ಹಂತಕ್ಕೆ 4 ಸೆಕೆಂಡು ವ್ಯರ್ಥ ಅಂದ್ರೆ 16. ಮೇಲಿನ ಸಂಖ್ಯೆ 29. ನಿಜವಾದ ವೈ 0.7 ಇದ್ರೆ ಸೈಕಲ್ 97 ಸೆಕೆಂಡು. ಆಟೊ ತಪ್ಪಾಗಿ ಎಣಿಸಿ ವೈ 0.6ಕ್ಕೆ ಇಳಿದ್ರೆ 73. ಆ 24 ಸೆಕೆಂಡಿನ ಕ್ಯೂ ಹಿಂದಿನ ಸಿಗ್ನಲ್ ತನಕ ಬೆಳೆಯುತ್ತೆ. (ಸಂಜೆ ಆರೂವರೆಗೆ ನಮ್ಮ ಎಷ್ಟೋ ಜಂಕ್ಷನ್ನುಗಳಲ್ಲಿ ವೈ ಒಂದರ ಹತ್ತಿರ ಹೋಗುತ್ತೆ. 0.95 ಹಾಕಿ ನೋಡಿ, ಸೈಕಲ್ 580 ಸೆಕೆಂಡು ಬರುತ್ತೆ. ಸೂತ್ರವೇ ಕೈಮುಗಿದು ‘ನನ್ನಿಂದಾಗಲ್ಲ ಸ್ವಾಮಿ’ ಅನ್ನೋ ಜಾಗ ಅದು. ಅದನ್ನೂ ಯಾರೂ ಪಾಠ ಮಾಡಲ್ಲ.)

ರಿಪೋರ್ಟಲ್ಲಿ ಮಾತ್ರ ‘ನಿಖರತೆ ಶೇಕಡಾ 98’. ಸುಳ್ಳು ಬರೆದಿಲ್ಲ ಅವರು, ನಿಜವಾಗಿ ಬಂದಿರುತ್ತೆ. ಹೇಗೆ ಅಂದ್ರೆ, ಒಂದು ವಿಡಿಯೋದ ಫ್ರೇಮುಗಳನ್ನ ಇಸ್ಪೀಟಿನ ಹಾಗೆ ಕಲಸಿ, 80 ಭಾಗ ಕಲಿಕೆಗೆ, 20 ಭಾಗ ಪರೀಕ್ಷೆಗೆ ಹಂಚಿರ್ತಾರೆ. ಸೆಕೆಂಡಿಗೆ 30 ಫ್ರೇಮ್. 101ನೇ ಫ್ರೇಮಿನ ಆಟೊ ಕಲಿಕೆಯಲ್ಲಿ, ಅದೇ ಆಟೊ ನಾಲ್ಕು ಬೆರಳು ಮುಂದೆ ಸರಿದ 102ನೇ ಫ್ರೇಮ್ ಪರೀಕ್ಷೆಯಲ್ಲಿ. ಪ್ರಶ್ನೆಪತ್ರಿಕೆ ಹಿಂದಿನ ದಿನವೇ ಕೈಗೆ ಕೊಟ್ಟ ಹಾಗೆ. ಹಂಚೋದಾದ್ರೆ ದಿನದ ಮೇಲೆ, ಜಾಗದ ಮೇಲೆ ಹಂಚಬೇಕು: ಸೋಮವಾರದ ವಿಡಿಯೋದಲ್ಲಿ ಕಲಿ, ಬೇರೆ ಸರ್ಕಲ್ಲಿನ ಗುರುವಾರದ್ದರಲ್ಲಿ ಪರೀಕ್ಷೆ ಬರಿ. ಅಂಕಿ ಧೊಪ್ಪನೆ ಬೀಳುತ್ತೆ. ಬಿದ್ದ ಅಂಕಿಯನ್ನ ಯಾವ ಗೈಡೂ ಪೇಪರಲ್ಲಿ ಹಾಕೋಕೆ ಬಿಡಲ್ಲ. ಹೌದು, 98 ಅಂತ ಬರೆದ ರಿಪೋರ್ಟಿಗೆ ಕಣ್ಣುಮುಚ್ಚಿ ಸಹಿ ಹಾಕಿದ ಪಾಪ ನನ್ನ ಲೆಕ್ಕದಲ್ಲೂ ಇದೆ.

ಭಾರತದ ಡೇಟಾ ಇಲ್ಲ ಅನ್ನೋ ಹಾಗಿಲ್ಲ. ಐಐಐಟಿ ಹೈದರಾಬಾದಿನವರು 2018ರಲ್ಲೇ ಇಂಡಿಯಾ ಡ್ರೈವಿಂಗ್ ಡೇಟಾಸೆಟ್ ಅಂತ ಸುಮಾರು 10,000 ಚಿತ್ರ ಬಿಟ್ಟರು, ಹೈದರಾಬಾದ್ ಮತ್ತು ಬೆಂಗಳೂರಿನ ರಸ್ತೆಗಳವು. ಆಟೊರಿಕ್ಷಾಗೆ ಅದರಲ್ಲಿ ಬೇರೆಯೇ ವರ್ಗ. ಆದ್ರೆ ಅವು ಓಡೋ ಕಾರಿನೊಳಗಿಂದ ತೆಗೆದ ಚಿತ್ರ. ಕಂಬದ ಮೇಲಿನ ಕ್ಯಾಮೆರಾಗೆ ಕಾಣೋದು ಆಟೊದ ಟಾಪು. ಹಾಗಾಗಿ ಅಲ್ಲಿಂದ ಶುರುಮಾಡಿ, ಮೇಲೊಂದು ಸಾವಿರ–ಸಾವಿರದೈನೂರು ಫ್ರೇಮಲ್ಲಿ ವಾಹನಗಳ ಸುತ್ತ ನೀವೇ ಚೌಕ ಎಳೀಬೇಕು. ಬೇಜಾರಿನ ಕೆಲಸ, ನಾಲ್ವರು ಕೂತ್ರೆ ಎರಡು ವಾರದ ಮಾತು.

‘ಸಾರ್, ಒಂದೇ ಸೆಮಿಸ್ಟರ್, ಅದರಲ್ಲಿ ಇಂಟರ್ನಲ್ಸು, ಪ್ಲೇಸ್‌ಮೆಂಟು, ದುಡ್ಡಿಲ್ಲ, ಪೊಲೀಸ್ ಪರ್ಮಿಶನ್ ಬೇರೆ, ಮಾಡೆಲ್ಲಲ್ಲಿ ಕಾನ್ಸೆಪ್ಟ್ ಕಲಿತರೆ ಸಾಲದಾ’ ಅಂತ ಒಬ್ಬ ಸಹೋದ್ಯೋಗಿ ಅಂದ್ರು. ಪ್ಲೇಸ್‌ಮೆಂಟಿನ ಮಾತು ಒಪ್ಪಿದೆ. ಉಳಿದದ್ದು ನೆಪ. ನಾಲ್ಕು ದಾರಿಯ ಜಂಕ್ಷನ್ನಲ್ಲಿ ಎಡ, ನೇರ, ಬಲ ಸೇರಿ 12 ಚಲನೆ. ಕೈಯಲ್ಲೇ ವಾಹನ ಎಣಿಸೋಕೆ ದಾರಿಗಿಬ್ಬರಂತೆ ಎಂಟು ಜನ, ಅಂದ್ರೆ ಎರಡು ಬ್ಯಾಚು. ಮಂಗಳವಾರದಿಂದ ಗುರುವಾರದೊಳಗೆ ಮಳೆ, ಹಬ್ಬ ಇಲ್ಲದ ಒಂದು ದಿನ, ಬೆಳಗ್ಗೆ ಎಂಟರಿಂದ ಹತ್ತು. ಹದಿನೈದು ನಿಮಿಷಕ್ಕೊಂದು ಹಾಳೆ, ವಾಹನದ ಜಾತಿಗೊಂದು ಕಾಲಂ, ನಾಲ್ಕು ಗೀಟು ಎಳೆದು ಐದನೆಯದು ಅಡ್ಡ. ಸ್ಟೇಷನ್ನಿಗೆ ಎಚ್‌ಒಡಿ ಸಹಿಯ ಒಂದು ಪತ್ರ. ಅದೇ ಹೊತ್ತಿಗೆ ಮೊದಲ ಮಹಡಿಯ ಅಂಗಡಿಯವರನ್ನ ಕೇಳಿ ಕಿಟಕಿಯಲ್ಲೊಂದು ಫೋನ್ ಇಡಿ, ಪವರ್ ಬ್ಯಾಂಕ್ ಸಮೇತ. ಗಂಟೆಗೆ 7–8 ಜಿಬಿ ತುಂಬುತ್ತೆ, ಮೊದಲೇ ಜಾಗ ಖಾಲಿ ಮಾಡ್ಕೊಳ್ಳಿ. ಬಿಸಿಲು ಬಿದ್ರೆ ಫೋನ್ ಕಾದು ಅರ್ಧಕ್ಕೇ ನಿಲ್ಲುತ್ತೆ, ನೆರಳು ಮಾಡಿ. ಮುಖ, ನಂಬರ್ ಪ್ಲೇಟ್ ಮಸುಕು ಮಾಡಿದ ಮೇಲಷ್ಟೇ ಲ್ಯಾಬಿಂದ ಆಚೆ. ಆಮೇಲೆ ಆ ವಿಡಿಯೋದ ಒಂದು ಹದಿನೈದು ನಿಮಿಷವನ್ನ ಇಬ್ಬರು ಬೇರೆ ಬೇರೆ ಕೂತು ಎಣಿಸಬೇಕು. ಇಬ್ಬರ ಲೆಕ್ಕದಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಮತ್ತೆ ಎಣಿಸಿ. ಅದರ ಪಕ್ಕ ಮಾಡೆಲ್ಲಿನ ಲೆಕ್ಕ ಇಡಿ, ಒಟ್ಟು ಅಲ್ಲ, ಜಾತಿವಾರು. ಒಟ್ಟಿನಲ್ಲಿ ಬಸ್ಸಿನ ಮರೆಗೆ ಹೋದ ಹತ್ತು ಬೈಕೂ, ಎರಡೆರಡು ಸಲ ಎಣಿಸಿದ ಹತ್ತು ಕಾರೂ ಒಂದನ್ನೊಂದು ನುಂಗಿ ಲೆಕ್ಕ ಸರಿ ಇದ್ದ ಹಾಗೆ ಕಾಣುತ್ತೆ.

ದುಡ್ಡಿನ ಮಾತು ಬಂತಲ್ಲ. ಆ ಥರ್ಮಾಕೋಲ್, ಹಸಿರು ಪುಡಿ, ಫೆವಿಕಾಲಿಗೆ ಸುರಿದಿದ್ದರಲ್ಲಿ ಎಂಟು ಕ್ಲಿಪ್‌ಬೋರ್ಡ್ ಆರಾಮಾಗಿ ಬರುತ್ತೆ. ಅದಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೂ ಹೋಗಬೇಕಿಲ್ಲ, ಗೇಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲೇ ಇದೆ.