ಮೂರನೇ ಹೆಸರು

ಅಕ್ಕನ ಮಗಳು ಕಳೆದ ವಾರ ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಕಳಿಸಿದಳು. ಜೊತೆಗೆ ಒಂದೇ ಸಾಲು: "ಮಾಮ, ಪೇಪರ್ ಬಂತು. ಮೂರನೇ ಹೆಸರು ನಂದು."

ಅವಳು ಕಾನೂನಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಬಿಲ್ಡರ್ ದಿವಾಳಿಯಾದರೆ ಫ್ಲ್ಯಾಟಿಗೆ ದುಡ್ಡು ಕಟ್ಟಿದವರ ಗತಿ ಏನು ಅನ್ನುವುದು ವಿಷಯ. 2016ರ ದಿವಾಳಿ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ತಂದು, ಮನೆ ಕೊಂಡವರನ್ನೂ ಬ್ಯಾಂಕುಗಳ ಹಾಗೆ ಸಾಲ ಕೊಟ್ಟವರು ಎಂದು ಲೆಕ್ಕ ಹಿಡಿದರು. 2020ರಲ್ಲಿ ಮತ್ತೆ ತಿದ್ದಿ, ಕೇಸ್ ಹಾಕಬೇಕಾದರೆ ಅದೇ ಪ್ರಾಜೆಕ್ಟಿನ 100 ಜನ, ಇಲ್ಲವೇ ನೂರಕ್ಕೆ ಹತ್ತು ಪಾಲು ಜನ ಸೇರಬೇಕು ಎಂದರು. ಇದರ ಮೇಲೆ ಹುಡುಗಿ ಎರಡು ವರ್ಷ ಕೂತಿದ್ದಾಳೆ. ಪೇಪರಿನಲ್ಲಿ ಮೊದಲ ಹೆಸರು ಗೈಡ್‌ದು. ಎರಡನೆಯದು ಎಚ್‌ಒಡಿದು, ಅಂದರೆ ವಿಭಾಗದ ಮುಖ್ಯಸ್ಥರದು.

ಅದೇ ವಾರ ಇಲ್ಲಿ ಮೆಲ್ಬರ್ನಿನಲ್ಲಿ ಇನ್ನೊಂದು ನೋಡಿದೆ. ನಾನು ಅನ್ವಯಿಕ ಗಣಿತ ಕಲಿಸುವವನು. ಪಕ್ಕದ ರೂಮಿನ ಪ್ರೊಫೆಸರ್ ಹತ್ತಿರ ಅವರ ವಿದ್ಯಾರ್ಥಿ ಪೇಪರ್ ಪ್ರಿಂಟ್ ತಂದುಕೊಟ್ಟ. ಅವರು ಪೆನ್ ತೆಗೆದು ಮೊದಲು ಮಾಡಿದ ಕೆಲಸ, ತಮ್ಮ ಹೆಸರನ್ನೇ ಹೊಡೆದುಹಾಕಿದ್ದು. "ಇದರಲ್ಲಿ ನಾನೇನೂ ಮಾಡಿಲ್ಲವಲ್ಲ" ಅಂದರಂತೆ. ಹುಡುಗ ತೆಲುಗಿನವನು. ಸಾರ್‌ಗೆ ಸಿಟ್ಟು ಬಂತು ಅಂದುಕೊಂಡು ನನ್ನ ರೂಮಿಗೆ ಬಂದು, ಮುಖ ಚಿಕ್ಕದು ಮಾಡಿಕೊಂಡು ಕೂತ. ಸಿಟ್ಟಲ್ಲಪ್ಪ, ಇವರು ಇರುವುದೇ ಹೀಗೆ ಅಂತ ಸಮಾಧಾನ ಮಾಡಿ ಕಳಿಸಿದೆ.

ಇಲ್ಲಿನವರೆಲ್ಲ ಸತ್ಯಹರಿಶ್ಚಂದ್ರರು ಅಂತ ನಾನು ಹೇಳುತ್ತಿಲ್ಲ. 2018ರಲ್ಲಿ ಆಸ್ಟ್ರೇಲಿಯಾ ಹೊಸ ಸಂಶೋಧನಾ ನೀತಿಸಂಹಿತೆ ತಂದಿದೆ. ತಲೆ ಓಡಿಸಿ ಏನಾದರೂ ಗಟ್ಟಿ ಕೆಲಸ ಮಾಡಿದ್ದರೆ ಮಾತ್ರ ಹೆಸರು, ಕುರ್ಚಿ ನೋಡಿ ಹೆಸರಿಲ್ಲ. ಗಣಿತದವರಲ್ಲಿ ಇನ್ನೊಂದು ಹಳೇ ರೂಢಿಯಿದೆ. ಹೆಸರುಗಳನ್ನು ಸಾಮಾನ್ಯವಾಗಿ ಎ, ಬಿ, ಸಿ ಕ್ರಮದಲ್ಲಿ ಹಾಕುತ್ತಾರೆ, ದೊಡ್ಡವರು ಚಿಕ್ಕವರು ಅಂತಿಲ್ಲ. ನನ್ನದು 'ವಿ' ಅಕ್ಷರ, ಯಾವಾಗಲೂ ಕೊನೆ. ನಾಮಕರಣದ ದಿನ ಅಪ್ಪ ಇನ್ನೊಂಚೂರು ಯೋಚಿಸಬಹುದಿತ್ತು.

ಭೌತಶಾಸ್ತ್ರದವರದು ಬೇರೆಯೇ ಜಾತ್ರೆ. ಹಿಗ್ಸ್ ಕಣದ ತೂಕ ಇಷ್ಟು ಅಂತ 2015ರಲ್ಲಿ ಬಂದ ಒಂದು ಪೇಪರಿಗೆ 5,154 ಲೇಖಕರು. 33 ಪುಟದಲ್ಲಿ 24 ಪುಟ ಬರೀ ಹೆಸರುಗಳು ಮತ್ತು ಊರುಗಳು. ಮದುವೆಯ ಮುಯ್ಯಿ ಪಟ್ಟಿಯ ಹಾಗೆ! ಅಮೆರಿಕದ ಜ್ಯಾಕ್ ಹೆದರಿಂಗ್ಟನ್ ಅನ್ನುವವರು 1975ರಲ್ಲಿ ಒಂಟಿಯಾಗಿ ಬರೆದ ಪೇಪರಿನಲ್ಲಿ ಉದ್ದಕ್ಕೂ 'ನಾವು' ಅಂತ ಬರೆದುಬಿಟ್ಟಿದ್ದರು. ಒಬ್ಬರೇ ಬರೆದ ಪೇಪರಿನಲ್ಲಿ 'ನಾವು' ಸಲ್ಲದು, ಅದೆಲ್ಲ ತಿದ್ದಬೇಕಾದರೆ ಮತ್ತೆ ಟೈಪ್ ಮಾಡಬೇಕು. ಯಾರಿಗೆ ಬೇಕು ಆ ರಗಳೆ ಅಂತ ಮನೆಯ ಬೆಕ್ಕನ್ನೇ ಎರಡನೇ ಲೇಖಕ ಮಾಡಿದರು. ಅಕ್ಕನ ಮಗಳಿಗೆ ಈ ಕಥೆ ಹೇಳಿದೆ. "ಬೆಕ್ಕು ಎರಡನೇದಾ? ನಾನು ಮೂರನೇದು ಮಾಮ" ಅಂದಳು.

ಊರಲ್ಲಿ ಯಾಕೆ ಹೀಗಾಯಿತು ಅಂದರೆ ಅದಕ್ಕೂ ಒಂದು ಲೆಕ್ಕವಿದೆ. ಯುಜಿಸಿಯ 2018ರ ನಿಯಮದಲ್ಲಿ ಮೇಷ್ಟ್ರಿಗೆ ಪೇಪರಿಗಿಷ್ಟು ಅಂತ ಪಾಯಿಂಟ್. ಇಬ್ಬರು ಬರೆದರೆ ಒಬ್ಬೊಬ್ಬರಿಗೂ ನೂರಕ್ಕೆ 70. ಅದಕ್ಕಿಂತ ಜಾಸ್ತಿ ಜನ ಇದ್ದರೆ ಮುಖ್ಯ ಲೇಖಕರಿಗೆ 70, ಉಳಿದ ಒಬ್ಬೊಬ್ಬರಿಗೂ 30. ಎಷ್ಟು ಹೆಸರು ಸೇರಿಸಿದರೂ ಒಟ್ಟು ಪಾಯಿಂಟ್ ನೂರಕ್ಕಿಂತ ಕೆಳಗಿಳಿಯುವುದಿಲ್ಲ, ಜಾಸ್ತಿಯೇ ಆಗುತ್ತದೆ. ಹೀಗಿರುವಾಗ ಎಚ್‌ಒಡಿ ಯಾಕೆ ಸುಮ್ನಿರುತ್ತಾರೆ? ಉಂಡೂ ಹೋದ, ಕೊಂಡೂ ಹೋದ ಅನ್ನುವುದು ಇದಕ್ಕೇ.

ನನ್ನ ಹೆಂಡತಿ ಇಲ್ಲಿ ಅಕೌಂಟಿಂಗ್ ಕಲಿಸುತ್ತಾಳೆ. ಡೆಬಿಟ್ ಕ್ರೆಡಿಟ್ ಹೇಗೆ ಕಲಿಸಬೇಕು ಅನ್ನುವುದೇ ಇಲ್ಲಿ ಒಂದು ಸಂಶೋಧನೆ, ಅದಕ್ಕೇ ಅಂತ ಜರ್ನಲ್‌ಗಳಿವೆ. ಅವಳು ಸಿಎ ಮಾಡಿದ್ದು ಹುಬ್ಬಳ್ಳಿಯಲ್ಲಿ, ಆಡಿಟರ್ ಆಫೀಸಿನಲ್ಲಿ ಮೂರು ವರ್ಷ ಆರ್ಟಿಕಲ್‌ಶಿಪ್ ಅನ್ನುವ ತರಬೇತಿ, ಬೆಳಗ್ಗೆ ಕೋಚಿಂಗ್. ನಾನು ಊಟದ ಹೊತ್ತಲ್ಲಿ ಗೈಡ್‌ಗಳನ್ನು ಬಯ್ಯುತ್ತಿದ್ದರೆ ಅವಳು ತಡೆದಳು. "ಮೂರು ವರ್ಷ ವೋಚರ್ ಟಿಕ್ ಮಾಡಿದ್ದು ನಾನು. ಆಡಿಟ್ ರಿಪೋರ್ಟಿಗೆ ಸಹಿ ಸಾರ್ ಅವರದು. ನಂಗೆ ಒಂದಿನಾನೂ ಬೇಜಾರಾಗಿಲ್ಲ. ಸಹಿ ಕೆಳಗೆ ಅವರ ಮೆಂಬರ್‌ಶಿಪ್ ನಂಬರ್ ಇರುತ್ತೆ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಸಿಎ ಇನ್‌ಸ್ಟಿಟ್ಯೂಟ್ ಕರೆಯೋದು ಅವರನ್ನ."

ನನಗೆ ಬೇಕಾಗಿದ್ದ ಮಾತು ಅದೇ. ಆಡಿಟರ್ ಹೆಸರು ಹಾಕಿದರೆ ಅವರ ತಲೆಯೂ ಅಲ್ಲಿರುತ್ತದೆ. ನಮ್ಮ ಪೇಪರುಗಳಲ್ಲಿ ಹೆಸರು ಮಾತ್ರ ಇರುತ್ತದೆ. ತಪ್ಪು ಸಿಕ್ಕಿದ ದಿನ "ಹುಡುಗ ಮಾಡಿದ್ದು" ಅನ್ನುತ್ತಾರೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಆ ರಾತ್ರಿ ನನ್ನ ಗೈಡ್ ನೆನಪಾದರು.

ಅವರ ಮನೆಗೆ ನಾನು ಗ್ಯಾಸ್ ಸಿಲಿಂಡರ್ ಹೊತ್ತಿದ್ದೇನೆ. ಅವರ ಮಗಳ ಮದುವೆಯಲ್ಲಿ ಎರಡು ಪಂಕ್ತಿಗೆ ಸಾರು ಬಡಿಸಿದ್ದೇನೆ. ನನ್ನ ಮೂರು ಪೇಪರಿನಲ್ಲೂ ಅವರದೇ ಮೊದಲ ಹೆಸರು, ಅದರ ಸಿಟ್ಟು ಇನ್ನೂ ಇದೆ. ನನ್ನ ಥೀಸಿಸ್ ಕೆಳಗಿನಿಂದ ಕಾಯುವ ದ್ರವದ ಬಗ್ಗೆ. ಒಂದು ಮಿತಿಯವರೆಗೆ ದ್ರವ ಅಲ್ಲಾಡುವುದಿಲ್ಲ, ಮಿತಿ ದಾಟಿದರೆ ಮಗುಚತೊಡಗುತ್ತದೆ. ಎರಡು ಗಟ್ಟಿ ತಟ್ಟೆಗಳ ನಡುವೆ ಇದ್ದರೆ, ರೇಲೀ ಸಂಖ್ಯೆ ಅನ್ನುವ ಅಳತೆಯಲ್ಲಿ ಆ ಮಿತಿ ಸುಮಾರು 1708. ವಿದ್ಯುತ್ ಹರಿಯಬಲ್ಲ ದ್ರವಕ್ಕೆ ಕಾಂತಕ್ಷೇತ್ರ ಹಾಕಿದರೆ ಮಿತಿ ಏರುತ್ತದೆ, ಎಷ್ಟು ಏರುತ್ತದೆ ಅನ್ನುವುದೇ ನನ್ನ ಕೆಲಸ. ನಾಲ್ಕು ತಿಂಗಳ ಲೆಕ್ಕ ಹಿಡಿದುಕೊಂಡು ಒಂದು ಭಾನುವಾರ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದರು. ಹಾಳೆ ಮುಟ್ಟಲೂ ಇಲ್ಲ. "ಫೀಲ್ಡ್ ಸೊನ್ನೆ ಮಾಡಿದ್ರೆ 1708 ಬರುತ್ತೇನಯ್ಯಾ?" ಅಂದರು.

ಬರಲಿಲ್ಲ. ಎಲ್ಲೋ ಒಂದು ಮೈನಸ್ ಬಿಟ್ಟುಹೋಗಿತ್ತು. ಅಲ್ಲೇ ಕೂತು ಹುಡುಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಮ್ಮನವರು ಎಲೆ ಹಾಕಿಯೇ ಬಿಟ್ಟಿದ್ದರು.

ಪಕ್ಕದ ರೂಮಿನವರು ಒಳ್ಳೆಯವರೇ. ಆದರೆ ಅವರು ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಕೊಡುತ್ತಾರೆ, ಅದೂ ಕ್ಯಾಲೆಂಡರಿನಲ್ಲಿ ಬರೆದಿಟ್ಟು. ಆ ತೆಲುಗು ಹುಡುಗ ಭಾನುವಾರ ಎಲ್ಲಿ ಊಟ ಮಾಡುತ್ತಾನೆ ಅನ್ನುವುದು ಅವರಿಗೆ ಗೊತ್ತಿರಲಿಕ್ಕಿಲ್ಲ. ನನಗೂ ಗೊತ್ತಿಲ್ಲ, ನಾನು ಇಲ್ಲಿಗೆ ಬಂದು 14 ವರ್ಷವಾಯಿತಲ್ಲ.

ಮರುದಿನ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಗೈಡ್ ನಿನ್ನ ಪೇಪರ್ ಓದಿದಾರಾ ಅಂತ ಕೇಳಿದೆ. ಸ್ವಲ್ಪ ತಡೆದು, "ಓದಿದಾರೆ ಮಾಮ. ಒಂದು ಸುಪ್ರೀಂ ಕೋರ್ಟ್ ತೀರ್ಪು ತಪ್ಪಾಗಿ ಅರ್ಥ ಮಾಡ್ಕೊಂಡಿದ್ದೆ. ಹಿಡಿದಿದ್ದು ಅವರೇ" ಅಂದಳು.

"ಮತ್ತೆ ಎಚ್‌ಒಡಿ?"

"ಅವರು ಟೈಟಲ್ ಓದಿದಾರೆ."