ಕರಾಚಿ ಬಿದ್ದ ರಾತ್ರಿ ಸೋಮವಾರಪೇಟೆಯಲ್ಲಿ ಕರೆಂಟ್ ಹೋಯ್ತು

ಭಾರತ-ಪಾಕಿಸ್ತಾನ ನಡುವೆ ಕಾಳಗ ನಡೆಯುತ್ತಿದ್ದ 2025ರ ಮೇ 8ರ ರಾತ್ರಿ ನಮ್ಮ ಚಿಕ್ಕಪ್ಪ ಟಿವಿ ಮುಂದೆ ಪಾಕಿಸ್ತಾನದ ಎರಡು ಊರು ಗೆದ್ದರು. ಕೂತಲ್ಲೇ ಗೆದ್ದರು. ಕೊಡಗಿನ ಸೋಮವಾರಪೇಟೆ ಹತ್ತಿರದ ಅವರ ಮನೆಯ ಹಾಲ್‌ನಲ್ಲಿ ಒಂದು ಹಳೇ ಈಸಿಚೇರ್ ಇದೆ. ಒಂದು ಕೈಯಲ್ಲಿ ರಿಮೋಟ್, ಇನ್ನೊಂದು ಕೈಯಲ್ಲಿ ಹಲಸಿನ ಹಪ್ಪಳ. ಊಟಕ್ಕೆ ಏಳುವ ಮೊದಲೇ ಕರಾಚಿ ಬಂದರು ಸುಟ್ಟುಹೋಗಿತ್ತು. ಅನ್ನಕ್ಕೆ ಸಾರು ಬೀಳುವಷ್ಟರಲ್ಲಿ ಇಸ್ಲಾಮಾಬಾದ್ ನಮ್ಮದಾಯಿತು. ಮಜ್ಜಿಗೆಗೆ ಬರುವ ಹೊತ್ತಿಗೆ ಅಲ್ಲಿನ ಸೇನಾ ಮುಖ್ಯಸ್ಥನೇ ಅರೆಸ್ಟ್.

"ಕೈ ತೊಳೆಯೋಷ್ಟರಲ್ಲಿ ಲಾಹೋರ್ ನೋಡು" ಎಂದರು ಚಿಕ್ಕಪ್ಪ. ಅಷ್ಟರಲ್ಲಿ ಒಂದು ಗುಡುಗು, ಒಂದು ಮಿಂಚು, ಕರೆಂಟ್ ಹೋಯ್ತು. ಭಾರತದ ಸೇನೆ ಎಲ್ಲಿವರೆಗೆ ಹೋಗಿತ್ತೋ ಅಲ್ಲೇ ನಿಂತಿತು.

ಚಿಕ್ಕಪ್ಪ ಕತ್ತಲಲ್ಲೇ ಲೈನ್‌ಮನ್‌ಗೆ ಫೋನ್ ಹಚ್ಚಿದರು. "ರೀ, ದೇಶದಲ್ಲಿ ಯುದ್ಧ ನಡೀತಿದೆ. ನೀವು ಇಂಥಾ ಹೊತ್ತಲ್ಲಿ ಲೈನ್ ತೆಗೀತೀರಲ್ಲ!"

"ಮರ ಬಿದ್ದಿದೆ ಸಾರ್" ಎಂದ ಅವನು. ಆ ರಾತ್ರಿ ನಾನು ಕೇಳಿದ ಸುದ್ದಿಗಳಲ್ಲಿ ನಿಜವಾಗಿ ಬಿದ್ದಿದ್ದು ಅದೊಂದೇ.

ಪಕ್ಕದ ತೋಟದ ಹವಾಲ್ದಾರರು ಟಾರ್ಚ್ ಹಿಡಿದು ಬಂದರು. ಕೊಡವರು, 24 ವರ್ಷ ಸೇನೆಯಲ್ಲಿದ್ದು ನಿವೃತ್ತರಾದವರು. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು. ಇಲ್ಲಿ ಮನೆಗೊಬ್ಬ ಫೌಜಿ ಸಿಕ್ಕರೆ ಆಶ್ಚರ್ಯ ಇಲ್ಲ.

"ಹವಾಲ್ದಾರ್ರೇ, ಕರಾಚಿ ಹೋಯ್ತು!" ಎಂದರು ಚಿಕ್ಕಪ್ಪ.

"ಎಲ್ಲಿಗೆ?" ಎಂದು ಕೇಳಿದರು ಅವರು. ತಮಾಷೆಗಲ್ಲ, ನಿಜವಾಗಲೂ ಕೇಳಿದರು. ಆಮೇಲೆ ನಮ್ಮ ಜಗುಲಿ ಮೇಲೆ ಕೂತು, ನಾನು ಎರಡು ವರ್ಷ ಜಮ್ಮು-ಕಾಶ್ಮೀರದ ಗಡಿಯ ಪೂಂಛ್‌ನಲ್ಲಿ ಇದ್ದೆ, ಆ ಪೇಟೆ ಗುಡ್ಡಗಳ ಬುಡದಲ್ಲಿದೆ, ಷೆಲ್ ಬಿದ್ದರೆ ಜನಕ್ಕೆ ಓಡೋಕೆ ಜಾಗ ಇಲ್ಲ ಎಂದರು. ಚಿಕ್ಕಪ್ಪನಿಗೆ ಇದು ರುಚಿಸಲಿಲ್ಲ. ಅವರು ಆಗಲೇ ಇಸ್ಲಾಮಾಬಾದ್‌ನಲ್ಲಿದ್ದರು. ಅಲ್ಲಿಂದ ವಾಪಸ್ ಪೂಂಛ್‌ಗೆ ಬರೋದು ಅಂದ್ರೆ ಸೋತ ಹಾಗೆ.

ಬೆಳಿಗ್ಗೆ ಕರೆಂಟ್ ಬಂತು. ಕರಾಚಿ ಇದ್ದಲ್ಲೇ ಇತ್ತು. ಆ ಬಂದರಿನವರು ತಮ್ಮ ಎಕ್ಸ್ ಖಾತೆ ಹ್ಯಾಕ್ ಆಗಿತ್ತು, ಬಂದರು ಮಾಮೂಲಿನಂತೆ ನಡೆಯುತ್ತಿದೆ ಎಂದು ಹೇಳಿಕೊಳ್ಳಬೇಕಾಯಿತು. ಬದುಕಿದ್ದೇನೆ ಎಂದು ಒಂದು ಬಂದರು ತಾನೇ ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದು ಬಹುಶಃ ಅದೇ ಮೊದಲು. ಮೊಬೈಲ್‌ನಲ್ಲಿ ಹರಿದಾಡಿದ ಬೆಂಕಿಯ ವಿಡಿಯೋ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜನವರಿಯಲ್ಲಿ ಬಿದ್ದ ವಿಮಾನದ್ದು. ಆಕಾಶದಲ್ಲಿ ಚಿಮ್ಮುತ್ತಿದ್ದ ಕ್ಷಿಪಣಿಗಳಲ್ಲಿ ಕೆಲವು ‘ಆರ್ಮಾ 3’ ಅನ್ನೋ ವಿಡಿಯೋ ಗೇಮಿನವು. ಅಂದ್ರೆ ಯಾರದೋ ಮನೆಯ ಹುಡುಗ ಹೋಂವರ್ಕ್ ಬಿಟ್ಟು ಆಡಿದ ಆಟಕ್ಕೆ ನಮ್ಮ ಚಿಕ್ಕಪ್ಪ ಎದ್ದು ನಿಂತು ಜೈಕಾರ ಹಾಕಿದ್ದರು.

ಒಂದು ಹಿಂದಿ ಚಾನೆಲ್ ಕ್ಷಮೆ ಕೇಳಿತು. ಉಳಿದವರು ಕೇಳಲು ಪುರುಸೊತ್ತಿಲ್ಲದೆ ಹೊಸ ಊರು ಹುಡುಕುತ್ತಿದ್ದರು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಟಿವಿಯವರು ಪಕ್ಷಪಾತಿಗಳು ಅಂತ ನಾವೆಲ್ಲ ಬೈಯುತ್ತೇವೆ, ಅಲ್ವಾ? 2023ರ ಸೆಪ್ಟೆಂಬರ್‌ನಲ್ಲಿ ‘ಇಂಡಿಯಾ’ ಮೈತ್ರಿಕೂಟ 14 ಆಂಕರ್‌ಗಳ ಪಟ್ಟಿ ಮಾಡಿ, ಇವರ ಶೋಗೆ ಕಾಲಿಡಲ್ಲ ಎಂದಿತು. ಚಿಕ್ಕಪ್ಪ ಆ ಪಟ್ಟಿ ಬರೆದಿಟ್ಟುಕೊಂಡು ಆ 14 ಜನರನ್ನೇ ನೋಡುತ್ತಾರೆ. ಅವರ ಮಗಳು ಮೈಸೂರಲ್ಲಿದ್ದಾಳೆ. ಟಿವಿ ಪೂರ್ತಿ ಮಾರಿಕೊಂಡಿದೆ ಎಂದು ಅವಳು ಯೂಟ್ಯೂಬ್ ನೋಡುತ್ತಾಳೆ. ಅಲ್ಲಿ ಅವಳಿಗೆ ಅನಿಸಿದ್ದನ್ನೇ ಇನ್ನೊಬ್ಬರು ಗಟ್ಟಿಯಾಗಿ ಹೇಳುತ್ತಾರೆ. ಇಬ್ಬರಿಗೂ ತಮ್ಮ ತಮ್ಮ ಸುದ್ದಿ ಹಾಲಿನ ಪ್ಯಾಕೆಟ್ ಥರ ಬಾಗಿಲಿಗೇ ಬಂದು ಬೀಳುತ್ತೆ. ಆದರೆ ಮೇ 8ರ ರಾತ್ರಿ ಈ ದೂರು ಹೇಳೋ ಹಾಗೇ ಇರಲಿಲ್ಲ. ಹಿಂದಿ, ಇಂಗ್ಲಿಷ್, ಕನ್ನಡ ಎಂಬ ಭೇದ ಇಲ್ಲದೆ, ದೊಡ್ಡ ಚಾನೆಲ್ ಸಣ್ಣ ಚಾನೆಲ್ ಎಂಬ ಜಾತಿ ಇಲ್ಲದೆ ಒಂದೇ ಕರಾಚಿ ಹಂಚಿಕೊಂಡು ಉಂಡರು. ಇಷ್ಟು ಒಗ್ಗಟ್ಟು ಕಾವೇರಿ ವಿಷಯದಲ್ಲೂ ನಾನು ಕಂಡಿಲ್ಲ.

ಪೂಂಛ್‌ನಲ್ಲಿ ಮಾತ್ರ ಈ ತಮಾಷೆ ನಡೆಯಲಿಲ್ಲ. ಮೇ 7ರಂದು ಪಾಕಿಸ್ತಾನದ ಷೆಲ್ ದಾಳಿಯಲ್ಲಿ ಅಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಒಬ್ಬರು ಮದ್ರಸಾದ ಮೇಷ್ಟ್ರು. ಕೆಲವು ಚಾನೆಲ್‌ಗಳು ಅವರ ಫೋಟೋ ಹಾಕಿ, ಭಯೋತ್ಪಾದಕ ಹತ ಎಂದು ತೋರಿಸಿದವು. ಪಾಕಿಸ್ತಾನದ ಷೆಲ್‌ಗೆ ಸತ್ತ ಭಾರತೀಯನನ್ನು ನಮ್ಮ ಟಿವಿ ಇನ್ನೊಂದು ಸಲ ಕೊಂದಿತು. ಪೂಂಛ್ ಪೊಲೀಸರೇ ಮುಂದೆ ಬಂದು, ಇದು ಸುಳ್ಳು, ಅವರು ನಮ್ಮ ಊರಿನ ಗೌರವಸ್ಥರು ಎಂದು ಹೇಳಬೇಕಾಯಿತು. ಜೂನ್‌ನಲ್ಲಿ ಅಲ್ಲಿನ ಕೋರ್ಟ್ ಎಫ್‌ಐಆರ್ ಹಾಕಲು ಆದೇಶ ಕೊಟ್ಟಿತು. ಈ ಸುದ್ದಿಗೆ ಸೈರನ್ ಹೊಡೆದ ಚಾನೆಲ್ ಯಾವುದೂ ನನಗೆ ಸಿಗಲಿಲ್ಲ.

ಸೈರನ್ ಅಂದ ಕೂಡಲೇ ನೆನಪಾಯ್ತು. ಆ ವಾರ ಯಾವ ಚಾನೆಲ್ ಹಾಕಿದರೂ ವಾಯುದಾಳಿಯ ಸೈರನ್. ಮೊದಲ ದಿನ ಚಿಕ್ಕಮ್ಮ ಕುಕ್ಕರ್ ಇಳಿಸಿ ಹೊರಗೆ ಓಡಿದರು. ಮನೆಯ ನಾಯಿ ಈಸಿಚೇರಿನ ಕೆಳಗೆ ಸೇರಿಕೊಂಡಿತು. ಎರಡನೇ ದಿನ ಚಿಕ್ಕಮ್ಮ ಸೈರನ್ ಸದ್ದಿಗೆ ಕಡ್ಲೆಬೇಳೆ ಸೋಸುತ್ತಾ ಕೂತರು. ನಾಯಿ ಒಂದು ಕಿವಿ ಎತ್ತಿತು. ಮೂರನೇ ದಿನ ಅದೂ ಇಲ್ಲ, ಮಗ್ಗುಲು ಬದಲಿಸಿ ಮಲಗಿತು. ಮೇ 10ರಂದು ಕೇಂದ್ರ ಗೃಹ ಇಲಾಖೆಯವರು ಚಾನೆಲ್‌ಗಳಿಗೆ ಸೂಚನೆ ಕಳಿಸಿದರು. ದಯವಿಟ್ಟು ಶೋಗಳಲ್ಲಿ ನಾಗರಿಕ ರಕ್ಷಣೆಯ ಸೈರನ್ ಬಳಸಬೇಡಿ, ನಾಳೆ ನಿಜವಾದ ಸೈರನ್ ಕೂಗಿದರೆ ಜನ ಕಿವಿಗೆ ಹಾಕಿಕೊಳ್ಳಲ್ಲ ಎಂದು. ಅವರ ಭಯ ಏನೆಂದು ತಿಳಿಯಲು ನಮ್ಮ ನಾಯಿಯನ್ನು ನೋಡಿದ್ದರೆ ಸಾಕಿತ್ತು. ಅದಕ್ಕೂ ಮೊದಲು, ಏಪ್ರಿಲ್ 26ರಂದೇ, ಸೇನಾ ಕಾರ್ಯಾಚರಣೆಯನ್ನು ಲೈವ್ ತೋರಿಸಬೇಡಿ ಎಂದು ಕಾರ್ಗಿಲ್ ಯುದ್ಧ, ಕಂದಹಾರ್ ವಿಮಾನ ಅಪಹರಣ, ಮುಂಬೈ ದಾಳಿಯ ಉದಾಹರಣೆ ಕೊಟ್ಟು ವಾರ್ತಾ ಇಲಾಖೆ ಹೇಳಿತ್ತು. ಲೈವ್ ತೋರಿಸಬೇಡಿ ಅಂದ್ರು, ಸರಿ, ಆಗದೇ ಇದ್ದದ್ದನ್ನು ತೋರಿಸಿದರು. ಆದೇಶ ಮೀರಿದರು ಅಂತ ಯಾರು ಹೇಳ್ತಾರೆ?

ಈಗ ಚಿಕ್ಕಪ್ಪನ ಕೋವಿ ವಿಷಯಕ್ಕೆ ಬರೋಣ. ಅವರ ಹತ್ತಿರ ಒಂದು ಒಂಟಿ ನಳಿಕೆ ಕೋವಿ ಇದೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ಅದಕ್ಕಾಗಿ ಪೊಲೀಸ್ ವಿಚಾರಣೆ ಆಯ್ತು, ನಡತೆ ಹೇಗೆ, ಕುಡೀತಾರಾ, ಅಕ್ಕಪಕ್ಕದವರ ಜತೆ ಜಗಳ ಇದೆಯಾ ಅಂತ ಬೀದಿಯೆಲ್ಲ ಕೇಳಿಕೊಂಡು ಹೋದರು. ಎಷ್ಟು ತೋಟೆ ತಗೊಂಡರು ಎಂಬುದಕ್ಕೆ ಲೆಕ್ಕ. ಚುನಾವಣೆ ಬಂದರೆ ಕೋವಿ ಸ್ಟೇಷನ್ನಿಗೆ. 2024ರ ಲೋಕಸಭೆ ಚುನಾವಣೆಯಲ್ಲೂ ಬಟ್ಟೆ ಸುತ್ತಿ, ಚೀಟಿ ಕಟ್ಟಿ, ಕೊಟ್ಟು ಬಂದರು. ಹಲಸು ಹಣ್ಣಾಗೋ ಕಾಲ. ಮಂಗಗಳಿಗೆ ನೀತಿ ಸಂಹಿತೆ ಅನ್ವಯಿಸಲ್ಲ, ಕಾಡುಹಂದಿಗಳು ಮತದಾನದ ದಿನ ರಜಾ ಹಾಕಲ್ಲ. ಜೂನ್‌ನಲ್ಲಿ ಫಲಿತಾಂಶ ಬಂದು ಕೋವಿ ವಾಪಸ್ ಬರುವ ಹೊತ್ತಿಗೆ ತೋಟದಲ್ಲಿ ಮಂಗಗಳಿಗೆ ಪೂರ್ಣ ಬಹುಮತ ಬಂದಿತ್ತು.

ನಮ್ಮ ದೇಶದ ಕೋವಿ ಕಾನೂನು ಸುಮ್ನೆ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು. 2019ರಲ್ಲಿ ತಿದ್ದುಪಡಿ ತಂದು ಒಬ್ಬರಿಗೆ ಮೂರರ ಬದಲು ಎರಡೇ ಕೋವಿ ಎಂದರು. ಮದುವೆ ದಿಬ್ಬಣದಲ್ಲಿ, ಗೆಲುವಿನ ಮೆರವಣಿಗೆಯಲ್ಲಿ ಖುಷಿಗೆ ಅಡ್ಡಾದಿಡ್ಡಿ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನನಗೆ ಈ ಕೊನೆಯ ಸೆಕ್ಷನ್ ಬಹಳ ಇಷ್ಟ. ಮೇ 8ರ ರಾತ್ರಿ ಸ್ಟುಡಿಯೋಗಳಲ್ಲಿ ನಡೆದದ್ದು ಇದೇ ಅಲ್ವಾ? ಖುಷಿಗೆ ಹಾರಿಸಿದ ಗುಂಡು. ಎಲ್ಲಿ ಬೀಳುತ್ತೆ, ಯಾರಿಗೆ ತಾಗುತ್ತೆ ನೋಡಲಿಲ್ಲ. ಒಂದು ಹೋಗಿ ಪೂಂಛ್‌ನ ಆ ಮೇಷ್ಟ್ರ ಮನೆಗೆ ಬಿತ್ತು.

ಅದಕ್ಕೇ ನನ್ನದೊಂದು ಬೇಡಿಕೆ. ಮೈಕಿಗೂ ಲೈಸೆನ್ಸ್ ಕೊಡಿ. ಒಬ್ಬರಿಗೆ ಎರಡಕ್ಕಿಂತ ಜಾಸ್ತಿ ಬೇಡ. ಕೊಡುವ ಮೊದಲು ಪೊಲೀಸರು ಬೀದಿಯಲ್ಲಿ ವಿಚಾರಿಸಲಿ: ಈತ ಮನೆಯಲ್ಲೂ ಹೀಗೇ ಕೂಗ್ತಾನಾ? ರಾತ್ರಿಗೆ ಎಷ್ಟು ‘ಬ್ರೇಕಿಂಗ್’ ಹಾರಿಸಿದ ಎಂಬುದಕ್ಕೆ ತೋಟೆಯ ಹಾಗೆ ಲೆಕ್ಕ ಇರಲಿ. ಯುದ್ಧದ ಸೂಚನೆ ಕಂಡ ಕೂಡಲೇ ಎಲ್ಲ ಆಂಕರ್‌ಗಳು ಮೈಕಿಗೆ ಬಟ್ಟೆ ಸುತ್ತಿ, ಚೀಟಿ ಕಟ್ಟಿ ಹತ್ತಿರದ ಸ್ಟೇಷನ್‌ನಲ್ಲಿ ಠೇವಣಿ ಇಡಲಿ. ಯುದ್ಧ ಮುಗಿದು ಒಂದು ವಾರ ಆದ ಮೇಲೆ ರಸೀದಿ ತೋರಿಸಿ ತಗೊಂಡು ಹೋಗಲಿ.

ಇದನ್ನು ಹವಾಲ್ದಾರರಿಗೆ ಹೇಳಿದೆ. ಅವರು ನಕ್ಕು, "ಅವರಿಗೂ ನಮ್ಮ ಹಾಗೆ ವಿನಾಯಿತಿ ಇರಬೇಕು ಬಿಡಿ" ಎಂದರು. ಕೊಡವರಿಗೆ, ಕೊಡಗಿನಲ್ಲಿ ವಂಶಪಾರಂಪರ್ಯದ ಜಮ್ಮಾ ಭೂಮಿ ಇರುವವರಿಗೆ ಕೋವಿ ಲೈಸೆನ್ಸ್ ಬೇಕಿಲ್ಲ. ಬ್ರಿಟಿಷರು 1861ರಲ್ಲಿ ಕೊಟ್ಟ ವಿನಾಯಿತಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಅವರ ಮನೆಯಲ್ಲಿ ಕೋವಿಗೆ ಒಂದು ಮರ್ಯಾದೆ ಇದೆ. ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಎಣ್ಣೆ ಹಾಕಿ ಒರೆಸಿ, ನಳಿಕೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಬಯಲಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಗುರಿ ತಪ್ಪಿದರೆ ಮುಂದಿನ ಹಬ್ಬದವರೆಗೆ ಊರೆಲ್ಲ ನಗುತ್ತೆ. ಇತ್ತ ಇಡೀ ಬಂದರಿಗೆ ಗುರಿಯಿಟ್ಟು ತಪ್ಪಿಸಿದವರಿಗೆ ಟಿಆರ್‌ಪಿ.

ಇನ್ನು ಯೋಧರ ಮೇಲಿನ ಪ್ರೀತಿ. ನಮ್ಮಲ್ಲಿ ಅದಕ್ಕೇನೂ ಬರ ಇಲ್ಲ. ಆ ಮೇ ತಿಂಗಳಲ್ಲೇ ಜೈಪುರದ ಒಂದು ಸಿಹಿ ಅಂಗಡಿಯವರು ಯೋಧರ ಗೌರವಕ್ಕೆ ನಮ್ಮ ಮೈಸೂರ್ ಪಾಕ್ ಹೆಸರು ಕಿತ್ತು ‘ಮೈಸೂರ್ ಶ್ರೀ’ ಎಂದು ಇಟ್ಟರು. ಸಕ್ಕರೆ ಪಾಕ ಅನ್ನೋದು ಅವರಿಗೆ ಗೊತ್ತಿಲ್ಲ, ಪಾಪ. ನಾಳೆ ನಮ್ಮ ಮನೆಯಲ್ಲೂ ಒಂದೆಳೆ ಶ್ರೀ ಬಂತಾ ನೋಡು ಅಂತ ಕೇಳಬೇಕೇನೋ. ನಳಪಾಕ ನಳಶ್ರೀ ಆದರೆ ಅಡುಗೆಭಟ್ಟರ ಬೋರ್ಡ್ ಎಲ್ಲ ಬದಲಿಸಬೇಕು. ನಾವೂ ಕಡಿಮೆಯಿಲ್ಲ. 2019ರಲ್ಲಿ ಪುಲ್ವಾಮಾ ದಾಳಿಯ ನಂತರ ಬೆಂಗಳೂರಿನ ಇಂದಿರಾನಗರದಲ್ಲಿ ಕರಾಚಿ ಬೇಕರಿಯವರು ಬೋರ್ಡಿನ ಮೇಲಿನ ‘ಕರಾಚಿ’ಗೆ ಬಟ್ಟೆ ಮುಚ್ಚಿದರು. ದೇಶ ವಿಭಜನೆಯಲ್ಲಿ ಮನೆಮಠ ಬಿಟ್ಟು ಬಂದ ಸಿಂಧಿಯೊಬ್ಬರು 1953ರಲ್ಲಿ ಹೈದರಾಬಾದ್‌ನಲ್ಲಿ ಶುರು ಮಾಡಿದ ಅಂಗಡಿ ಅದು. ನಮ್ಮವರು ಇದುವರೆಗೆ ಗೆದ್ದ ಕರಾಚಿ ಅದೊಂದೇ.

ಸೇನೆಯ ಕರ್ನಲ್ ಸೋಫಿಯಾ ಖುರೇಷಿ ದಿನಾ ಟಿವಿಯಲ್ಲಿ ಬಂದು ವಿವರ ಕೊಟ್ಟಾಗ ಬೆಳಗಾವಿಯ ಸೊಸೆ ಎಂದು ನಾವೆಲ್ಲ ಎದೆ ಉಬ್ಬಿಸಿದೆವು. ಆ ಕಡೆ ಮಧ್ಯಪ್ರದೇಶದ ಸಚಿವ ವಿಜಯ್ ಶಾ ಅವರ ಬಗ್ಗೆ ಆಡಿದ ಮಾತಿಗೆ ಹೈಕೋರ್ಟೇ ಎಫ್‌ಐಆರ್ ಹಾಕಿ ಎನ್ನಬೇಕಾಯಿತು. ಸೇನೆಯನ್ನು ಪ್ರಶ್ನಿಸಬಾರದು ಎಂಬ ನಿಯಮ ಇದೆ, ಬೈಯಬಾರದು ಎಂದು ಎಲ್ಲೂ ಬರೆದಿಲ್ಲ.

ಹವಾಲ್ದಾರರಿಗೆ ಸಿಗುವ ಪ್ರೀತಿ ಇನ್ನೊಂದು ಥರ. ಪ್ರತಿ ನವೆಂಬರ್‌ನಲ್ಲಿ ಅವರು ತಾವು ಬದುಕಿದ್ದೇವೆ ಎಂದು ಸಾಬೀತು ಮಾಡಬೇಕು. ಪಿಂಚಣಿಯ ಜೀವನ ಪ್ರಮಾಣ ಪತ್ರ. ಕಾಫಿ ಗಿಡ ಹಿಡಿದು ಹಿಡಿದು ಬೆರಳಿನ ಗೆರೆ ಸವೆದಿದೆ, ಯಂತ್ರ ಹಿಡಿಯಲ್ಲ. ಕಳೆದ ಸಲ ಸೈಬರ್ ಅಂಗಡಿಯಲ್ಲಿ ಹೆಬ್ಬೆರಳಿಗೆ ವ್ಯಾಸಲೀನ್ ಹಚ್ಚಿ ಒತ್ತಿದರು, ಒರೆಸಿ ಒತ್ತಿದರು, ಆಗಲಿಲ್ಲ. ಅಂಗಡಿಯ ಟಿವಿಯಲ್ಲಿ ‘ಅಮರ್ ರಹೇ’ ಘೋಷಣೆ ನಡೆಯುತ್ತಿತ್ತು. "ಅಮರ ಆಗೋದು ಸುಲಭ, ಬದುಕಿರೋದೇ ಕಷ್ಟ" ಎಂದು ಬೆರಳು ಒರೆಸಿಕೊಂಡರಂತೆ. 2015ರಲ್ಲಿ ‘ಒಂದು ಶ್ರೇಣಿ ಒಂದು ಪಿಂಚಣಿ’ಗಾಗಿ ಜಂತರ್ ಮಂತರ್‌ನಲ್ಲಿ ಕೂತಿದ್ದ ಅವರ ಓರಗೆಯವರನ್ನು ಸ್ವಾತಂತ್ರ್ಯ ದಿನದ ಹಿಂದಿನ ದಿನ ಪೊಲೀಸರು ಎಳೆದಾಡಿದ್ದು ಅವರಿಗೆ ಇನ್ನೂ ನೆನಪಿದೆ. ನಮಗೆ ನೆನಪಿರಲಿಲ್ಲ. ಚಿಕ್ಕಪ್ಪನಿಗಂತೂ ಯೋಧ ಅಂದ ಕೂಡಲೇ ನೆನಪಾಗೋದು ಮಿಲಿಟರಿ ಕ್ಯಾಂಟೀನಿನ ರಮ್ ಕೋಟಾ.

ಮೇ 10ರ ಸಂಜೆ ಕದನ ವಿರಾಮ ಎಂದು ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಟಿವಿಯಲ್ಲಿ ಹೇಳಿದರು. ಹೇಳಿದ ತಪ್ಪಿಗೆ ಮಾರನೇ ದಿನವೇ ಅವರು ಎಕ್ಸ್ ಖಾತೆಗೆ ಬೀಗ ಹಾಕಿಕೊಳ್ಳಬೇಕಾಯಿತು, ಅಷ್ಟು ಬೈಗುಳ. ನಮ್ಮ ಹಾಲ್‌ನಲ್ಲೂ ಸಿಟ್ಟು ನೆತ್ತಿಗೇರಿತ್ತು. ಚಿಕ್ಕಪ್ಪ ಈಸಿಚೇರಿನಿಂದ ಎದ್ದೇಬಿಟ್ಟರು. ಮೂರು ದಿನದಲ್ಲಿ ಸಿಟ್ಟಿಗೆ ಎದ್ದದ್ದು ಅದೇ ಮೊದಲ ಸಲ.

"ಹಾಗಾದ್ರೆ ಇಸ್ಲಾಮಾಬಾದ್ ವಾಪಸ್ ಕೊಟ್ಬಿಟ್ರಾ?"

ಹವಾಲ್ದಾರರು ಕಾಫಿ ಲೋಟ ಕೆಳಗಿಟ್ಟರು. "ತಗೊಂಡವರನ್ನೇ ಕೇಳಬೇಕು ಗೌಡ್ರೇ" ಎಂದು ಟಿವಿ ಕಡೆ ಕೈ ತೋರಿಸಿದರು.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೊರಗೆ ಮಳೆ ಹನಿಯತೊಡಗಿತ್ತು. ಆಮೇಲೆ ರಿಮೋಟ್ ತೆಗೆದು ವಾಲ್ಯೂಮ್ ಕಮ್ಮಿ ಮಾಡಿ, ಕುರ್ಚಿ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು.

"ಅದು ಬಿಡಿ ಹವಾಲ್ದಾರ್ರೇ. ಈ ತಿಂಗಳು ಕ್ಯಾಂಟೀನ್‌ಗೆ ಯಾವಾಗ ಹೋಗ್ತೀರಾ?"